2001ರ ಟೊಯೋಟಾ ಸೆಲಿಕಾ ಜಿಟಿ, 1,48,000 ಮೈಲು ಓಡಿದೆ. ತೆಗೆದುಕೊಳ್ಳಬಹುದಾ?

ಹೇಮಾವತಿ_ತೀರ (ಕೊಲಂಬಸ್, ಒಹಾಯೊ)

ಎಲ್ಲರಿಗೂ ನಮಸ್ಕಾರ. ಹಳೇ ಕಾರು ಇಟ್ಟುಕೊಂಡು ಗೊತ್ತಿರುವವರು ದಯವಿಟ್ಟು ಸಲಹೆ ಕೊಡಿ.

ಇಲ್ಲೇ ಊರಾಚೆ ಒಬ್ಬರು 2001ರ ಸೆಲಿಕಾ ಜಿಟಿ ಮಾರಾಟಕ್ಕೆ ಇಟ್ಟಿದ್ದಾರೆ. ಬೆಳ್ಳಿ ಬಣ್ಣ, ಐದು ಗೇರಿನ ಮ್ಯಾನ್ಯುಯಲ್, 1,48,000 ಮೈಲು ಓಡಿದೆ. 3,900 ಡಾಲರ್ ಹೇಳುತ್ತಿದ್ದಾರೆ. ಶನಿವಾರ ಹೋಗಿ ನೋಡಿಕೊಂಡು ಬಂದೆ. ನಾನು ಹೋಗುವಷ್ಟರಲ್ಲಿ ಅವರು ಗಾಡಿಯನ್ನು ಗ್ಯಾರೇಜಿನಿಂದ ಹೊರಗೆ ತಂದು, ತೊಳೆದು, ಒಂದು ರೌಂಡ್ ಓಡಿಸಿ ನಿಲ್ಲಿಸಿದ್ದರು. ಇಪ್ಪತ್ತು ನಿಮಿಷ ನಾನೂ ಓಡಿಸಿದೆ. ಗೇರು ಬೆಣ್ಣೆಯ ಹಾಗೆ ಬೀಳುತ್ತದೆ. ಸ್ಟಿಯರಿಂಗ್ ತಿರುಗಿಸಿದ ತಕ್ಷಣ ಮೂತಿ ತಿರುಗುತ್ತದೆ. ಏಸಿ ಕೆಲಸ ಮಾಡುತ್ತದೆ. ಹೆಡ್‌ಲೈಟ್ ಎರಡೂ ಹಳದಿ ಬಣ್ಣಕ್ಕೆ ತಿರುಗಿ ಮಂಕಾಗಿವೆ. ಹಿಂದಿನ ಡಿಕ್ಕಿ ಬಾಗಿಲು ಎತ್ತಿದರೆ ನಿಲ್ಲುವುದಿಲ್ಲ, ತಲೆ ಮೇಲೆ ಬೀಳುತ್ತದೆ. ಸರ್ವಿಸ್ ಬಿಲ್ಲುಗಳು ಮೂರು ನಾಲ್ಕು ಮಾತ್ರ ಇವೆ. "ಎಲ್ಲೂ ಒಂದು ತೊಟ್ಟು ಆಯಿಲ್ ಸೋರುವುದಿಲ್ಲ" ಅಂತ ಓನರ್ ಎರಡು ಸಲ ಹೇಳಿದರು.

ಈ ಕಾರೇ ಯಾಕೆ ಅಂದರೆ, ಹಾಸನದಲ್ಲಿ ನಮ್ಮ ಸೋದರಮಾವನ ಗ್ಯಾರೇಜಿನ ಗೋಡೆ ಮೇಲೆ ರ‍್ಯಾಲಿ ಸೆಲಿಕಾದ ಒಂದು ದೊಡ್ಡ ಚಿತ್ರ ಅಂಟಿಸಿದ್ದರು. ಬಿಳಿ ಮೈ, ಕೆಂಪು ಹಸಿರು ಪಟ್ಟೆ, ಚಕ್ರದ ಕೆಳಗೆ ಕಲ್ಲು ಹಾರುತ್ತಿರುವುದು. ಶಾಲೆ ಬಿಟ್ಟು ಬಂದು ದಿನಾ ಅದನ್ನೇ ನೋಡುತ್ತಾ ಕೂರುತ್ತಿದ್ದೆ. ಕೆಲಸಕ್ಕೆ ಸೇರಿ ಎರಡು ವರ್ಷ ಆಯಿತು, ಕೈಯಲ್ಲಿ ಒಟ್ಟು 5,500 ಡಾಲರ್ ಉಳಿಸಿದ್ದೇನೆ.

ಸದ್ಯಕ್ಕೆ ಚಿಕ್ಕಪ್ಪ ಕೊಟ್ಟ 2007ರ ಕ್ಯಾಮ್ರಿ ಓಡಿಸುತ್ತಿದ್ದೇನೆ. ಸೆಲಿಕಾ ತೆಗೆದುಕೊಂಡರೆ ಅದನ್ನು ಮಾರಿಬಿಡೋಣ ಅಂತ ಯೋಚನೆ. ಆಫೀಸು ಹೋಗಿ ಬರಲು ದಿನಕ್ಕೆ 34 ಮೈಲು. ಅಪ್ಪನಿಗೆ ಫೋನ್ ಮಾಡಿದರೆ "ಮೂಗಿಗಿಂತ ಮೂಗುತಿ ಭಾರ ಆಗುತ್ತದೆ, ಬೇಡ" ಅಂದರು. ಅವರು ಹೇಳುವುದರಲ್ಲೂ ಅರ್ಥ ಇದೆ ಅನ್ನಿಸುತ್ತದೆ. ಆದರೆ ಮನಸ್ಸು ಕೇಳುತ್ತಿಲ್ಲ.

ಬೆಲೆ ಸರಿಯಾ? ದಿನಾ ಓಡಿಸಲು ಆಗುತ್ತದಾ? ಕೊಳ್ಳುವ ಮೊದಲು ಏನೇನು ನೋಡಬೇಕು?

ಹಳೇ_ಗೇರು (ರಾಲೀ, ನಾರ್ತ್ ಕ್ಯಾರೊಲಿನಾ)

ತಮ್ಮಾ, ನಿಮ್ಮ ಬರಹದಲ್ಲಿ ಎರಡು ವಿಷಯ ನನಗೆ ಸರಿ ಕಾಣಲಿಲ್ಲ. ನೀವು ಹೋಗುವಷ್ಟರಲ್ಲಿ ಇಂಜಿನ್ ಬಿಸಿಯಾಗಿತ್ತು. ಮತ್ತೆ, ಆಯಿಲ್ ಸೋರುವುದಿಲ್ಲ ಅಂತ ಓನರ್ ಕೇಳದೇ ಹೇಳಿದರು. ಸೋರದೇ ಇರಬಹುದು, ಅವರು ನಿಜವನ್ನೇ ಹೇಳಿರಬಹುದು. ಆದರೆ ಈ ಗಾಡಿಯಲ್ಲಿ ಮೊದಲು ಕೇಳಬೇಕಾದ್ದು ಆಯಿಲ್ ಕುಡಿಯುತ್ತದಾ ಅಂತ.

ನನ್ನ ಹತ್ತಿರ 2000ರ ಜಿಟಿ ಒಂಬತ್ತು ವರ್ಷದಿಂದ ಇದೆ. 1,12,000 ಮೈಲಿಗೆ ಕೊಂಡೆ, ಈಗ 2,03,000 ದಾಟಿದೆ. ತುಂಬಾ ಇಷ್ಟಪಟ್ಟು ಇಟ್ಟುಕೊಂಡಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಜಿಟಿಯಲ್ಲಿರುವುದು 1.8 ಲೀಟರಿನ 1ಝಡ್‌ಝಡ್-ಎಫ್‌ಇ ಇಂಜಿನ್, 140 ಹಾರ್ಸ್‌ಪವರ್. 1998ರಿಂದ 2008ರವರೆಗಿನ ಇಲ್ಲಿಯ ಕೊರೊಲ್ಲಾಗಳಲ್ಲೂ ಇದೇ ಇಂಜಿನ್. ಇದು ನಿಮಗೆ ದೊಡ್ಡ ಅನುಕೂಲ. ಸೆನ್ಸರ್, ವಾಟರ್ ಪಂಪ್, ಕಾಯಿಲ್, ಗ್ಯಾಸ್ಕೆಟ್ ಎಲ್ಲಾ ಯಾವ ಅಂಗಡಿಗೆ ಹೋದರೂ ಸಿಗುತ್ತವೆ, ಯಾವ ಮೆಕ್ಯಾನಿಕ್ಕಿಗೂ ಹೊಸದೇನಲ್ಲ. ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಇಷ್ಟು ಮೈಲಿಗೆ ಬೆಲ್ಟ್ ಬದಲಾಯಿಸಲೇಬೇಕು ಅನ್ನುವ ಖರ್ಚು ಇಲ್ಲ.

ಈಗ ಆಯಿಲ್ ವಿಷಯ. ಪಿಸ್ಟನ್ನಿಗೆ ಮೂರು ರಿಂಗ್ ಇರುತ್ತವೆ ಅಲ್ವಾ, ಅದರಲ್ಲಿ ಕೆಳಗಿನದು ಆಯಿಲ್ ರಿಂಗ್. ಸಿಲಿಂಡರ್ ಗೋಡೆಗೆ ಹತ್ತಿದ ಆಯಿಲನ್ನು ಕೆರೆದು ಪಿಸ್ಟನ್ನಿನಲ್ಲಿರುವ ಸಣ್ಣ ತೂತುಗಳ ಮೂಲಕ ಕೆಳಗೆ ವಾಪಸ್ ಕಳಿಸುವುದು ಅದರ ಕೆಲಸ. ಈ ಇಂಜಿನ್ನಿನ ಮೊದಲ ವರ್ಷಗಳ ಪಿಸ್ಟನ್‌ಗಳಲ್ಲಿ ಆ ತೂತುಗಳು ಸಣ್ಣವು. ಹಿಂದಿನ ಓನರ್ ಆಯಿಲ್ ಬದಲಾಯಿಸುವುದನ್ನು ತಡ ಮಾಡುತ್ತಾ ಬಂದಿದ್ದರೆ ಮಸಿ ಕಟ್ಟಿ ತೂತು ಮುಚ್ಚಿಹೋಗುತ್ತವೆ, ರಿಂಗ್ ಅಲ್ಲೇ ಅಂಟಿಕೊಂಡು ಕೂರುತ್ತದೆ. ಆಮೇಲೆ ಆಯಿಲ್ ಮೇಲೆ ಹೋಗಿ ಪೆಟ್ರೋಲ್ ಜೊತೆ ಸುಟ್ಟುಹೋಗುತ್ತದೆ. ನೆಲದ ಮೇಲೆ ಒಂದು ಹನಿ ಬೀಳುವುದಿಲ್ಲ, ಆಯಿಲ್ ಅಳೆಯುವ ಕಡ್ಡಿ ಡಿಪ್‌ಸ್ಟಿಕ್‌ನಲ್ಲಿ ಮಾತ್ರ ಮಟ್ಟ ಇಳಿಯುತ್ತಾ ಹೋಗುತ್ತದೆ. ಆಮೇಲಿನ ವರ್ಷಗಳಲ್ಲಿ ಪಿಸ್ಟನ್ ಬದಲಾಯಿಸಿದರು. 2003 ಅಥವಾ ಅದಾದ ಮೇಲಿನ ಗಾಡಿ ಸಿಕ್ಕರೆ ಈ ಚಿಂತೆ ಬಹಳ ಕಮ್ಮಿ.

ಕುಡಿಯುವುದರಿಂದಲೇ ಇಂಜಿನ್ ಸಾಯುವುದಿಲ್ಲ. ನೋಡದೇ ಇರುವುದರಿಂದ ಸಾಯುತ್ತದೆ. ಇದರಲ್ಲಿ ಹಿಡಿಸುವುದೇ ಸುಮಾರು 3.7 ಲೀಟರ್ ಆಯಿಲ್. ಅದರಲ್ಲಿ ಎರಡು ಲೀಟರ್ ಖಾಲಿಯಾಗಿ, ನೀವು ಒಂದು ಉದ್ದನೆಯ ತಿರುವಿನಲ್ಲಿ ಜೋರಾಗಿ ಹೋದರೆ ಪಂಪಿಗೆ ಆಯಿಲ್ ಬದಲು ಗಾಳಿ ಸಿಗುತ್ತದೆ, ಬೇರಿಂಗ್ ಹೋಗುತ್ತದೆ. ಕೆಂಪು ಆಯಿಲ್ ದೀಪ ಹತ್ತಿಕೊಳ್ಳುವ ಹೊತ್ತಿಗೆ ಬಹಳ ತಡ ಆಗಿರುತ್ತದೆ, ಯಾಕೆಂದರೆ ಆ ದೀಪ ನೋಡುವುದು ಒತ್ತಡವನ್ನು, ಮಟ್ಟವನ್ನಲ್ಲ.

ಮತ್ತೆ ಹೋಗಿ ನೋಡುವುದಾದರೆ ಹೀಗೆ ಮಾಡಿ. ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಟ್ಟು ನೋಡಿ. ತಣ್ಣಗಿದ್ದರೆ ಡಿಪ್‌ಸ್ಟಿಕ್ ಎಳೆಯಿರಿ, ಒರೆಸಿ, ಮತ್ತೆ ಹಾಕಿ ಎಳೆಯಿರಿ. ಆಯಿಲ್ ತುದಿಯಲ್ಲಿದ್ದರೆ ಅಥವಾ ಇಲ್ಲವೇ ಇಲ್ಲ ಅಂದರೆ ಅವರು ಯಾವತ್ತೂ ನೋಡುವವರಲ್ಲ. ಸ್ನೇಹಿತರೊಬ್ಬರನ್ನು ಗಾಡಿಯ ಹಿಂದೆ ನಿಲ್ಲಿಸಿ ಸ್ಟಾರ್ಟ್ ಮಾಡಿಸಿ, ನೀಲಿ ಹೊಗೆ ಬರುತ್ತದಾ ನೋಡಲಿ. ಆಮೇಲೆ ಹೈವೇಯಲ್ಲಿ ಮೂರನೇ ಗೇರಿನಲ್ಲೇ ಕಾಲು ತೆಗೆದು ಸ್ವಲ್ಪ ದೂರ ಇಂಜಿನ್ ಬ್ರೇಕಿನಲ್ಲಿ ಬಿಡಿ, ತಕ್ಷಣ ಆಕ್ಸಿಲರೇಟರ್ ಒತ್ತಿ ಕನ್ನಡಿ ನೋಡಿ. ಹಿಂದೆ ನೀಲಿ ಮೋಡ ಕಂಡರೆ ಇಂಜಿನ್ ಆಯಿಲ್ ಸುಡುತ್ತಿದೆ ಅಂತ ಅರ್ಥ. ಓನರ್ ಒಪ್ಪಿದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ನಾಲ್ಕು ಕಾಯಿಲ್, ಒಂದೊಂದಕ್ಕೆ ಒಂದು 10 ಎಂಎಂ ಬೋಲ್ಟ್, ಹದಿನೈದು ನಿಮಿಷದ ಕೆಲಸ. ಪ್ಲಗ್ ತುದಿ ಕಪ್ಪಗೆ ಒದ್ದೆಯಾಗಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ.

ನನ್ನದು ಕೊಂಡಾಗ 900 ಮೈಲಿಗೆ ಒಂದು ಕ್ವಾರ್ಟ್ (ಸುಮಾರು ಒಂದು ಲೀಟರ್) ಕುಡಿಯುತ್ತಿತ್ತು. ಹಿಂದಿನ ಓನರ್ ಹತ್ತು ಸಾವಿರ ಮೈಲಿಗೊಮ್ಮೆ ಆಯಿಲ್ ಬದಲಾಯಿಸುತ್ತಿದ್ದರಂತೆ. ಪ್ಲಗ್ ತೂತಿನಿಂದ ಪಿಸ್ಟನ್ ಮೇಲೆ ಕ್ಲೀನರ್ ಸುರಿದು ರಾತ್ರಿಯೆಲ್ಲಾ ನೆನೆಸಿಟ್ಟೆ. ಬೆಳಗ್ಗೆ ಅದನ್ನು ಹೀರಿ ತೆಗೆದು, ಪ್ಲಗ್ ಹಾಕುವ ಮೊದಲೇ ಇಂಜಿನ್ ತಿರುಗಿಸಿ ಉಳಿದದ್ದನ್ನು ಹೊರಗೆ ಹಾಕಿ, ಆಯಿಲ್, ಫಿಲ್ಟರ್ ಎರಡನ್ನೂ ಬದಲಾಯಿಸಿದೆ. ಎರಡು ಸಲ ಹೀಗೆ ಮಾಡಿದ ಮೇಲೆ 1,600 ಮೈಲಿಗೆ ಒಂದು ಕ್ವಾರ್ಟಿಗೆ ಬಂತು. ಎಲ್ಲರಿಗೂ ಇಷ್ಟು ಫಲ ಸಿಗುವುದಿಲ್ಲ. ಪಿಸಿವಿ ವಾಲ್ವ್ (ಇಂಜಿನ್ ಒಳಗಿನ ಆವಿಯನ್ನು ಎಳೆದು ತೆಗೆಯುವ ಕವಾಟ) ಕೂಡ ಬದಲಾಯಿಸಿ, ಕೆಲವೇ ಡಾಲರಿನ ವಸ್ತು. ಈಗ 4,000 ಮೈಲಿಗೊಮ್ಮೆ 5ಡಬ್ಲ್ಯೂ-30 ಹೈ ಮೈಲೇಜ್ ಆಯಿಲ್ ಹಾಕುತ್ತೇನೆ. ಎರಡು ಸಲ ಪೆಟ್ರೋಲ್ ಹಾಕಿಸಿದರೆ ಒಂದು ಸಲ ಡಿಪ್‌ಸ್ಟಿಕ್ ನೋಡುತ್ತೇನೆ, ಗ್ಲೋವ್ ಬಾಕ್ಸಿನಲ್ಲಿರುವ ಪುಸ್ತಕದಲ್ಲಿ ಬರೆದಿಡುತ್ತೇನೆ. ಡಿಕ್ಕಿಯಲ್ಲಿ ಯಾವಾಗಲೂ ಎರಡು ಕ್ವಾರ್ಟ್ ಇರುತ್ತದೆ. ಇಷ್ಟನ್ನು ಮಾಡುವ ಮನಸ್ಸಿದ್ದರೆ ಮಾತ್ರ ಈ ಕಾರು ಕೊಳ್ಳಿ.

ಇನ್ನೊಂದು. ಸುಟ್ಟ ಆಯಿಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ನಿಧಾನವಾಗಿ ಹಾಳು ಮಾಡುತ್ತದೆ. ಸ್ಕ್ಯಾನರ್ ಹಾಕಿ, ಕನ್ವರ್ಟರ್ ಸೋತಿದೆ ಅಂತ ಹೇಳುವ ಪಿ0420 ಕೋಡ್ ಇದೆಯಾ ನೋಡಿ. ಈಗಷ್ಟೇ ಕೋಡ್ ಅಳಿಸಿದ್ದರೆ ಮಾನಿಟರ್‌ಗಳು (ಕಾರು ತಾನೇ ಮಾಡಿಕೊಳ್ಳುವ ಪರೀಕ್ಷೆಗಳು) "ರೆಡಿ ಇಲ್ಲ" ಅಂತ ತೋರಿಸುತ್ತವೆ, ಅದನ್ನೂ ಗಮನಿಸಿ.

ಬೆಲೆ ಬಗ್ಗೆ: ಬಿಲ್ಲುಗಳಿಲ್ಲದ 2001ರ ಗಾಡಿಗೆ ನಾನಾಗಿದ್ದರೆ 3,900 ಕೊಡುತ್ತಿರಲಿಲ್ಲ.

ಮಲೆನಾಡ_ಮಳೆ (ಗ್ರ್ಯಾಂಡ್ ರ‍್ಯಾಪಿಡ್ಸ್, ಮಿಶಿಗನ್)

ಹಳೇ ಗೇರು ಅಣ್ಣ ಇಂಜಿನ್ ಬಗ್ಗೆ ಹೇಳಿದ್ದಕ್ಕೆ ನಾನು ಸೇರಿಸುವುದೇನಿಲ್ಲ. ಆದರೆ ಅವರು ಇರುವುದು ಕ್ಯಾರೊಲಿನಾದಲ್ಲಿ. ನೀವು ಒಹಾಯೊ, ನಾನು ಮಿಶಿಗನ್. ನಮ್ಮ ಕಡೆ ಇಂಜಿನ್ ಹೋಗುವ ಮೊದಲು ತಳವೇ ಹೋಗುತ್ತದೆ.

ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ನೀರಿನ ಜೊತೆ ಸೇರಿ ಎಲ್ಲಾ ಸಂದಿಗೂ ಹೋಗಿ ಕೂರುತ್ತದೆ. ಇಪ್ಪತ್ತಕ್ಕೂ ಜಾಸ್ತಿ ಚಳಿಗಾಲ ಕಂಡ ಕಾರು ಅಂದರೆ ಮೇಲಿನ ಬಣ್ಣ ನೋಡಿ ಏನೂ ತೀರ್ಮಾನ ಮಾಡಬೇಡಿ. ನನ್ನದು 2003ರ ಜಿಟಿ. ಕೊಂಡಾಗ ಬಣ್ಣ ಹೊಳೆಯುತ್ತಿತ್ತು, ನಾನು ಬಗ್ಗಿ ನೋಡಿರಲಿಲ್ಲ. ಎರಡನೇ ವರ್ಷದ ಫೆಬ್ರವರಿಯಲ್ಲಿ ಅಂಗಡಿಯ ಪಾರ್ಕಿಂಗಿನಲ್ಲಿ ಬ್ರೇಕ್ ಒತ್ತಿದೆ, ಪೆಡಲ್ ನೇರ ನೆಲಕ್ಕೆ ಹೋಯಿತು. ಹಿಂದಿನ ಚಕ್ರಕ್ಕೆ ಹೋಗುವ ಬ್ರೇಕ್ ಪೈಪ್ ತುಕ್ಕು ಹಿಡಿದು ಒಡೆದಿತ್ತು. ಬ್ರೇಕ್ ವ್ಯವಸ್ಥೆ ಎರಡು ಭಾಗ ಇರುವುದರಿಂದ ಉಳಿದ ಅರ್ಧ ಹಿಡಿಯಿತು, ಹ್ಯಾಂಡ್ ಬ್ರೇಕ್ ಎಳೆದು ಹೇಗೋ ನಿಲ್ಲಿಸಿದೆ. ಜೊತೆಯಲ್ಲಿ ಮಗಳಿದ್ದಳು. ಆವತ್ತಿನ ನಡುಕ ಇನ್ನೂ ನೆನಪಿದೆ. ಹೈವೇಯಲ್ಲಿ ಆಗಿದ್ದರೆ ಅಂತ ಯೋಚಿಸಲೂ ಇಷ್ಟವಿಲ್ಲ.

ಆಮೇಲೆ ಎಲ್ಲಾ ಪೈಪನ್ನೂ ತಾಮ್ರ ನಿಕಲ್ ಮಿಶ್ರದ ಪೈಪಿಗೆ ಬದಲಾಯಿಸಿದೆವು. ಅದು ತುಕ್ಕು ಹಿಡಿಯುವುದಿಲ್ಲ, ಬಗ್ಗಿಸುವುದೂ ಸುಲಭ. ನನ್ನ ಗಂಡ ಮತ್ತು ನಾನು ಒಂದು ವಾರಾಂತ್ಯ ಪೂರ್ತಿ ಕಾರಿನ ಕೆಳಗೇ ಮಲಗಿದ್ದೆವು.

ನೀವು ದಯವಿಟ್ಟು ಗಾಡಿಯನ್ನು ಲಿಫ್ಟ್ ಮೇಲೆ ಎತ್ತಿಸಿ ನೋಡಿ. ನೂರು ನೂರೈವತ್ತು ಡಾಲರ್ ಕೊಟ್ಟರೆ ಯಾವುದಾದರೂ ಮೆಕ್ಯಾನಿಕ್ ನೋಡಿಕೊಡುತ್ತಾರೆ. ಓನರ್ ಅದಕ್ಕೆ ಒಪ್ಪದಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಜ್ಯಾಕ್ ಇಡುವ ಅಂಚು, ಹಿಂದಿನ ಚಕ್ರದ ಕಮಾನಿನ ಒಳಭಾಗ, ಸಬ್‌ಫ್ರೇಮ್, ಪೆಟ್ರೋಲ್ ಟ್ಯಾಂಕಿಗೆ ಹೋಗುವ ಕೊಳವೆ, ಬ್ರೇಕ್ ಪೈಪ್, ಇಷ್ಟನ್ನು ಟಾರ್ಚ್ ಹಾಕಿ ನೋಡಿ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ಲೋಹ ಟಣ್ ಅನ್ನುತ್ತದೆ, ಕೊಳೆತದ್ದು ಡಬ್ ಅನ್ನುತ್ತದೆ. ಒಂದು ಪುಟ್ಟ ಅಯಸ್ಕಾಂತ ತೆಗೆದುಕೊಂಡು ಹೋಗಿ. ಚಕ್ರದ ಕಮಾನಿಗೆ ಅದು ಅಂಟದಿದ್ದರೆ ಅಲ್ಲಿ ಕಬ್ಬಿಣದ ಬದಲು ಪುಟ್ಟಿ ತುಂಬಿ ಬಣ್ಣ ಹೊಡೆದಿದ್ದಾರೆ. ತಳಕ್ಕೆಲ್ಲಾ ಹೊಸದಾಗಿ ಕಪ್ಪು ಕೋಟಿಂಗ್ ಬಳಿದಿದ್ದರೆ ಅದನ್ನೂ ನಂಬಬೇಡಿ. ಆ ರಬ್ಬರ್ ಪದರದ ಹಿಂದೆ ನೀರು ಸಿಕ್ಕಿಕೊಂಡರೆ ತುಕ್ಕು ಇನ್ನೂ ಜೋರಾಗಿ ತಿನ್ನುತ್ತದೆ.

ಪ್ರತಿ ಅಕ್ಟೋಬರಿನಲ್ಲಿ ನಾವು ಕುರಿ ಉಣ್ಣೆಯ ಜಿಡ್ಡಿನಿಂದ ಮಾಡಿದ ಸ್ಪ್ರೇಯನ್ನು ತಳಕ್ಕೆಲ್ಲಾ ಹೊಡೆಯುತ್ತೇವೆ. ವಾಸನೆ ಒಂದು ವಾರ ಇರುತ್ತದೆ, ಆದರೆ ಒಣಗಿ ಬಿರುಕು ಬಿಡುವುದಿಲ್ಲ. ಕೆಲಸ ಮಾಡುತ್ತದೆ.

ಕರಿಬೇವು (ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ)

ನನ್ನದು 2002ರ ಜಿಟಿ-ಎಸ್. ಯಾರಾದರೂ ನಿಮಗೆ "ಜಿಟಿ ಯಾಕೆ, ಜಿಟಿ-ಎಸ್ಸೇ ತಗೋ" ಅಂದರೆ ಮೊದಲು ಇದನ್ನು ಓದಿ.

ಜಿಟಿ-ಎಸ್‌ನಲ್ಲಿ 2ಝಡ್‌ಝಡ್-ಜಿಇ ಇಂಜಿನ್, ಯಾಮಹಾ ಜೊತೆ ಸೇರಿ ಮಾಡಿದ್ದು. ಅದೇ 1.8 ಲೀಟರ್, ಆದರೆ 180 ಹಾರ್ಸ್‌ಪವರ್, ಅದೂ 7,600 ಆರ್‌ಪಿಎಂನಲ್ಲಿ. ಆರು ಗೇರು. ಲೋಟಸ್ ಎಲೀಸ್‌ನಲ್ಲೂ ಈ ಇಂಜಿನ್ ಹಾಕಿದ್ದರು. ಸುಮಾರು 6,200 ಆರ್‌ಪಿಎಂವರೆಗೆ ಸಾಧಾರಣ ಕಾರಿನ ಹಾಗೆ ಇರುತ್ತದೆ. ಅದನ್ನು ದಾಟಿದ ತಕ್ಷಣ ಕ್ಯಾಮ್‌ಶಾಫ್ಟಿನ ಎತ್ತರದ ಲೋಬ್ (ವಾಲ್ವ್ ಒತ್ತುವ ಉಬ್ಬು) ಕೆಲಸ ಶುರು ಮಾಡುತ್ತದೆ, ವಾಲ್ವ್ ಜಾಸ್ತಿ ತೆರೆಯುತ್ತದೆ, ಸದ್ದೇ ಬದಲಾಗಿಬಿಡುತ್ತದೆ. ನಾವು ಇದಕ್ಕೆ "ಲಿಫ್ಟ್" ಅನ್ನುತ್ತೇವೆ. ಮೊದಲ ಸಲ ಕೇಳಿದಾಗ ಮೈ ಜುಮ್ ಅಂದಿತ್ತು, ಈಗಲೂ ಹಾಗೇ ಅನ್ನಿಸುತ್ತದೆ. ಬೆಟ್ಟದ ರಸ್ತೆಯಲ್ಲಿ ಭಾನುವಾರ ಬೆಳಗ್ಗೆ ಆರು ಗಂಟೆಗೆ, ಮಂಜಿನ ನಡುವೆ, ಎರಡನೇ ಗೇರಿನಲ್ಲಿ ಆ ಸದ್ದು ಕೇಳಬೇಕು.

ಆದರೆ ಆ ಲಿಫ್ಟ್ ನಡೆಯುವುದು ಆಯಿಲ್ ಒತ್ತಡದ ಮೇಲೆ. ಮೊದಲ ವರ್ಷಗಳ ಜಿಟಿ-ಎಸ್‌ಗಳಲ್ಲಿ ರಾಕರ್ ಶಾಫ್ಟ್ ಹಿಡಿದಿರುವ ಬೋಲ್ಟ್ ಸವೆದು ತುಂಡಾಗುತ್ತದೆ. ಆಗ ಒತ್ತಡ ಅಲ್ಲೇ ಹೊರಗೆ ಹೋಗಿ ಲಿಫ್ಟ್ ಬರುವುದೇ ಇಲ್ಲ. ಹೊಸ ಬಗೆಯ ಬೋಲ್ಟ್ ಸಿಗುತ್ತದೆ, ಬೆಲೆಯೂ ಕಮ್ಮಿ. ವಾಲ್ವ್ ಕವರ್ ತೆಗೆದರೆ ಹಾಕಿಬಿಡಬಹುದು. ಇಂಜಿನ್ ಬಿಸಿಯಾಗದೇ ಲಿಫ್ಟ್ ಬರುವುದಿಲ್ಲ ಅನ್ನುವುದೂ ನೆನಪಿರಲಿ, ಟೆಸ್ಟ್ ಡ್ರೈವಿನಲ್ಲಿ ತಣ್ಣಗಿರುವಾಗ ಒತ್ತಿ ನೋಡಿ ಕೆಟ್ಟಿದೆ ಅಂದುಕೊಳ್ಳಬೇಡಿ.

ದೊಡ್ಡ ಭಯ ಬೇರೆ. ಮೂರರಿಂದ ನಾಲ್ಕಕ್ಕೆ ಹಾಕಲು ಹೋಗಿ ಎರಡಕ್ಕೆ ಹಾಕಿದರೆ ಇಂಜಿನ್ ತನ್ನ ಮಿತಿ ಮೀರಿ ತಿರುಗುತ್ತದೆ. ಆಯಿಲ್ ಪಂಪಿನ ಗೇರು ಒಡೆಯುತ್ತದೆ, ಅಲ್ಲಿಗೆ ಇಂಜಿನ್ ಮುಗಿಯಿತು. ಸಿಲಿಂಡರ್ ಒಳಗೋಡೆ ಕೂಡ ವಿಶೇಷ ಲೋಹದ್ದು, ಸಾಮಾನ್ಯ ಇಂಜಿನ್ ಹಾಗೆ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಲು ಆಗುವುದಿಲ್ಲ. ಹಿಂದಿನ ಓನರ್ ಹೇಗೆ ಓಡಿಸಿದ್ದರು ಅನ್ನುವುದರ ಮೇಲೆ ನಿಮ್ಮ ಅದೃಷ್ಟ ನಿಂತಿದೆ. ಅದಕ್ಕೇ ಹೇಳುತ್ತೇನೆ, ಮೊದಲ ಹಳೇ ಕಾರಿಗೆ ಜಿಟಿಯೇ ಸರಿ. ಸುಮಾರು 1,100 ಕಿಲೋ ತೂಕದ ಗಾಡಿಗೆ 140 ಸಾಕು. ಹಿಂದೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್ ಎರಡಕ್ಕೂ ಒಂದೇ, ತಿರುವಿನ ಖುಷಿ ಎರಡರಲ್ಲೂ ಇದೆ. ಟೈರ್ ಕೂಡ ಜಿಟಿಗೆ 195/60ಆರ್15, ಜೇಬಿಗೆ ಹೊರೆಯಾಗುವುದಿಲ್ಲ.

ನಿಮ್ಮ ಮಾವನ ಗೋಡೆ ಮೇಲಿದ್ದ ಕಾರು ಸೆಲಿಕಾ ಜಿಟಿ-ಫೋರ್ ಇರಬೇಕು. ಕಾರ್ಲೋಸ್ ಸೈನ್ಸ್ 1990 ಮತ್ತು 1992ರಲ್ಲಿ, ಯುಹಾ ಕಾಂಕುನೆನ್ 1993ರಲ್ಲಿ, ಡಿಡಿಯೆ ಓರಿಯೋಲ್ 1994ರಲ್ಲಿ ವಿಶ್ವ ರ‍್ಯಾಲಿ ಚಾಂಪಿಯನ್ ಆಗಿದ್ದು ಅದರಲ್ಲೇ. ಅದು ಟರ್ಬೊ, ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಗಾಡಿ. ನೀವು ನೋಡಿದ್ದು ಏಳನೇ ತಲೆಮಾರು, ಮುಂದಿನ ಚಕ್ರಕ್ಕೆ ಮಾತ್ರ. ಹೆಸರು ಒಂದೇ ಆದರೂ ಕಾರು ಬೇರೆ, ಅದನ್ನು ತಿಳಿದುಕೊಂಡೇ ಕೊಳ್ಳಿ. ಆಮೇಲೆ ಬೇಸರ ಆಗಬಾರದು.

ನಮ್ಮ ಕಡೆ ಎರಡು ವರ್ಷಕ್ಕೊಮ್ಮೆ ಸ್ಮಾಗ್ (ಹೊಗೆ) ಪರೀಕ್ಷೆ, ಕನ್ವರ್ಟರ್ ಬದಲಾಯಿಸಿದರೂ ರಾಜ್ಯ ಒಪ್ಪಿದ್ದನ್ನೇ ಹಾಕಬೇಕು, ಅದು ದುಬಾರಿ. ನಿಮಗೆ ಕೊಲಂಬಸ್‌ನಲ್ಲಿ ಆ ತಲೆನೋವು ಇಲ್ಲ. ಒಹಾಯೊದ ಹೊಗೆ ಪರೀಕ್ಷೆ ಇ-ಚೆಕ್ ಕ್ಲೀವ್‌ಲ್ಯಾಂಡ್ ಸುತ್ತಮುತ್ತಲಿನ ಏಳು ಕೌಂಟಿಗಳಿಗೆ ಮಾತ್ರ.

ತುಂಗಾ_ಪಾನ (ಮೈಸೂರು)

ನಮ್ಮಲ್ಲಿ ಈ ಬಗೆಯ ಕೂಪೆ ಸಿಗುವುದೇ ಕಷ್ಟ. ಆದರೆ ಹಳೇ ಗಾಡಿ ಇಟ್ಟುಕೊಳ್ಳುವ ಕಷ್ಟ ಸುಖ ಎಲ್ಲಾ ಕಡೆ ಒಂದೇ ಅನ್ನಿಸಿತು. ನನ್ನ ಹತ್ತಿರ 2002ರ ಹೋಂಡಾ ಸಿಟಿ 1.5 ವಿಟೆಕ್ ಇದೆ, 106 ಹಾರ್ಸ್‌ಪವರ್‌ದು. 15 ವರ್ಷ ಆದ ಮೇಲೆ ಆರ್‌ಟಿಓದಲ್ಲಿ ಎಫ್‌ಸಿ ಮಾಡಿಸಿ, ಗ್ರೀನ್ ಟ್ಯಾಕ್ಸ್ ಕಟ್ಟಿ ಆರ್‌ಸಿ ನವೀಕರಿಸಿಕೊಂಡೆ. ಇಂಜಿನ್ ಭಾಗ ಹೇಗೋ ಸಿಗುತ್ತದೆ. ಬಾಗಿಲ ಬೀಡಿಂಗ್, ಹೆಡ್‌ಲೈಟ್, ಬಂಪರ್ ಕ್ಲಿಪ್ ಹುಡುಕಲು ಬೆಂಗಳೂರಿನ ಶಿವಾಜಿನಗರದ ಹಳೇ ಬಿಡಿಭಾಗದ ಅಂಗಡಿಗಳಲ್ಲಿ ದಿನಗಟ್ಟಲೆ ಅಲೆದಿದ್ದೇನೆ.

ಅದಕ್ಕೇ ಒಂದು ಮಾತು. ಇಂಜಿನ್ ಸ್ವಲ್ಪ ಸೋತಿದ್ದರೂ ಪರವಾಗಿಲ್ಲ, ಬಾಡಿ ಮತ್ತು ಒಳಗಿನ ಪ್ಲಾಸ್ಟಿಕ್ ಪೂರ್ತಿ ಇರುವ ಗಾಡಿ ನೋಡಿ. ಸೆಲಿಕಾಗೂ ಹಾಗೇ ಅಲ್ವಾ?

ಹಳೇ_ಗೇರು (ರಾಲೀ, ನಾರ್ತ್ ಕ್ಯಾರೊಲಿನಾ)

ಹೌದು ತುಂಗಾ ಅವರೇ, ಅದನ್ನು ಬರೆಯಲು ಮರೆತಿದ್ದೆ. ಕೊರೊಲ್ಲಾ ಜೊತೆ ಹೊಂದುವುದು ಇಂಜಿನ್ ಮಾತ್ರ. ಅಮೆರಿಕದಲ್ಲಿ ಸೆಲಿಕಾ ಮಾರುವುದನ್ನು 2005ಕ್ಕೆ ನಿಲ್ಲಿಸಿದರು. ಬಾಗಿಲು, ಫೆಂಡರ್, ಸೀಟಿನ ಬಟ್ಟೆ, ಡ್ಯಾಶ್‌ಬೋರ್ಡ್ ಭಾಗಗಳಿಗೆ ಈಗ ಗುಜರಿಯೇ ಗತಿ. ಒಂದು ಒಳಗಿನ ಬಾಗಿಲ ಹಿಡಿಗೆ ನಾನು ಐದು ತಿಂಗಳು ಕಾದಿದ್ದೇನೆ. ಹೆಡ್‌ಲೈಟ್ ಹಳದಿಯಾಗಿರುವುದಕ್ಕೆ ಮಾತ್ರ ಚಿಂತೆ ಬೇಡ. 1000, 2000, 3000 ನಂಬರಿನ ಉಪ್ಪುಕಾಗದದಲ್ಲಿ ನೀರು ಹಾಕುತ್ತಾ ಉಜ್ಜಿ, ಪಾಲಿಶ್ ಮಾಡಿ, ಬಿಸಿಲು ತಡೆಯುವ ಕೋಟಿಂಗ್ ಹಚ್ಚಿದರೆ ಕನ್ನಡಿ ಆಗುತ್ತದೆ. ಆ ಕೋಟಿಂಗ್ ಬಿಟ್ಟರೆ ಆರು ತಿಂಗಳಲ್ಲಿ ಮತ್ತೆ ಹಳದಿ.

ಜೋಳದ_ರೊಟ್ಟಿ (ಡಲ್ಲಾಸ್, ಟೆಕ್ಸಸ್)

ನಾನು ಸೆಲಿಕಾ ಮಾರಿದವನು. ಎಲ್ಲರೂ ಹೇಗೆ ಇಟ್ಟುಕೊಳ್ಳಬೇಕು ಅಂತ ಹೇಳುತ್ತಿದ್ದಾರೆ, ಯಾಕೆ ಬಿಟ್ಟೆ ಅಂತ ನಾನು ಹೇಳುತ್ತೇನೆ.

ನನ್ನ ಹತ್ತಿರ ಆಗ ಅದೊಂದೇ ಕಾರು ಇತ್ತು. ಹಳೇ ಕಾರು ಕೆಟ್ಟರೆ ದೊಡ್ಡ ವಿಷಯವಲ್ಲ, ರಿಪೇರಿ ಆಗುತ್ತದೆ. ಆದರೆ ಸೋಮವಾರ ಬೆಳಗ್ಗೆ ಕೆಟ್ಟಾಗ ಇನ್ನೊಂದು ಕಾರು ಇಲ್ಲದಿದ್ದರೆ, ಒಳ್ಳೆಯ ಮೆಕ್ಯಾನಿಕ್ಕಿಗೆ ಕಾಯುವಷ್ಟು ಸಮಯ ಇರುವುದಿಲ್ಲ. ಹತ್ತಿರ ಯಾರು ಸಿಕ್ಕರೆ ಅವರ ಹತ್ತಿರ, ಅವರು ಕೇಳಿದಷ್ಟು ಕೊಟ್ಟು ಮಾಡಿಸಬೇಕಾಗುತ್ತದೆ. ಕ್ಲಚ್ ಹೋದಾಗ ನನಗೆ ಹಾಗೇ ಆಯಿತು. ಗುರುತಿನ ಮೆಕ್ಯಾನಿಕ್ 850 ಡಾಲರಿಗೆ ಮಾಡುತ್ತಿದ್ದ, ಹತ್ತು ದಿನ ಕಾಯಬೇಕಿತ್ತು. ಕಾಯಲು ಆಗಲಿಲ್ಲ, ಬೇರೆ ಕಡೆ 1,400 ಕೊಟ್ಟೆ. ಹೀಗೆ ಮೂರು ನಾಲ್ಕು ಸಲ ಆದ ಮೇಲೆ ಕಾರಿನ ಮೇಲಿನ ಪ್ರೀತಿಯೇ ಹೋಯಿತು. ಕಾರಿನ ತಪ್ಪೇನೂ ಇರಲಿಲ್ಲ.

ಮಗು ಆದ ಮೇಲೆ ಎರಡು ಬಾಗಿಲಿನ ಕಾರಿನಲ್ಲಿ ಹಿಂದಿನ ಸೀಟಿಗೆ ಬಗ್ಗಿ ಮಗುವಿನ ಸೀಟು ಕಟ್ಟುವುದು ಹೆಂಡತಿಗೆ ಬಹಳ ಕಷ್ಟ ಆಯಿತು, ಆಗ ಮಾರಿದೆ. ಈಗಲೂ ರಸ್ತೆಯಲ್ಲಿ ಸೆಲಿಕಾ ಕಂಡರೆ ತಿರುಗಿ ನೋಡುತ್ತೇನೆ.

ನಿಮ್ಮ ಚಿಕ್ಕಪ್ಪನ ಕ್ಯಾಮ್ರಿ ಮಾರಬೇಡಿ. ಅದು ಇದ್ದರೆ ಮಾತ್ರ ಸೆಲಿಕಾ ನಿಮಗೆ ಖುಷಿ ಕೊಡುತ್ತದೆ. ಮತ್ತೆ 5,500ರಲ್ಲಿ 3,900 ಕಾರಿಗೇ ಹಾಕಬೇಡಿ. ಮೊದಲ ಆರು ತಿಂಗಳಲ್ಲಿ ಟೈರ್, ಬ್ಯಾಟರಿ, ಬ್ರೇಕ್ ಪ್ಯಾಡ್, ಎಲ್ಲಾ ಫ್ಲೂಯಿಡ್, ಒಂದಲ್ಲ ಒಂದು ಇದ್ದೇ ಇರುತ್ತದೆ. 1,500 ಡಾಲರ್ ಮುಟ್ಟದೇ ಪಕ್ಕಕ್ಕೆ ಇಡಿ.

ಹೇಮಾವತಿ_ತೀರ (ಕೊಲಂಬಸ್, ಒಹಾಯೊ)

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಮನಸಾರೆ ಧನ್ಯವಾದ. ಮಳೆ ಅಕ್ಕ, ನಿಮ್ಮ ಬ್ರೇಕಿನ ಕಥೆ ಓದಿ ರಾತ್ರಿ ನಿದ್ದೆ ಬರಲಿಲ್ಲ.

ನಿನ್ನೆ ಸಂಜೆ ಮತ್ತೆ ಹೋಗಿದ್ದೆ, ರೂಮ್‌ಮೇಟ್ ಕರೆದುಕೊಂಡು. ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿದ್ದೆ, ಬಾನೆಟ್ ತಣ್ಣಗಿತ್ತು. ಡಿಪ್‌ಸ್ಟಿಕ್ ಎಳೆದೆ. ತುದಿಯಲ್ಲಿ ಒಂದು ಚೂರು ಹತ್ತಿತ್ತು ಅಷ್ಟೇ, ಅದೂ ಕಾಫಿ ಡಿಕಾಕ್ಷನ್ ಬಣ್ಣ. ಸ್ಟಾರ್ಟ್ ಮಾಡಿದಾಗ ಹಿಂದೆ ನಿಂತ ರೂಮ್‌ಮೇಟ್ ನೀಲಿ ಹೊಗೆ ಬಂತು ಅಂದ. ಸ್ಕ್ಯಾನರ್ ಹಾಕಿದರೆ ಕೋಡ್ ಏನೂ ಇಲ್ಲ, ಆದರೆ ಕ್ಯಾಟಲಿಸ್ಟ್ ಮಾನಿಟರ್ ರೆಡಿ ಇಲ್ಲ ಅಂತ ತೋರಿಸಿತು. ಹಿಂದಿನ ಚಕ್ರದ ಕಮಾನಿಗೆ ಅಯಸ್ಕಾಂತ ಇಟ್ಟೆ, ಕೆಳಗೆ ಬಿತ್ತು. ಓನರಿಗೆ ಮೆಕ್ಯಾನಿಕ್ ಹತ್ತಿರ ತೋರಿಸೋಣ ಅಂದೆ. ಬೇರೆಯವರು ಬರುತ್ತಿದ್ದಾರೆ, ಬೇಕಾದರೆ 3,500ಕ್ಕೆ ಇವತ್ತೇ ತಗೋ ಅಂದರು. ಕೈ ಮುಗಿದು ವಾಪಸ್ ಬಂದೆ. ದಾರಿಯುದ್ದಕ್ಕೂ ಬೇಸರವಾಗಿತ್ತು, ಸುಳ್ಳು ಹೇಳುವುದಿಲ್ಲ.

ಈಗ ಇನ್ನೊಂದು ಕಣ್ಣಿಗೆ ಬಿದ್ದಿದೆ. ಟೆನ್ನೆಸ್ಸೀಯ ನ್ಯಾಶ್‌ವಿಲ್ ಹತ್ತಿರ, 2004ರ ಜಿಟಿ, ಮ್ಯಾನ್ಯುಯಲ್, 1,31,000 ಮೈಲು, 4,300 ಡಾಲರ್. ಬಣ್ಣ ಬಾನೆಟ್ ಮೇಲೆ ಬಿಸಿಲಿಗೆ ಸುಟ್ಟು ಪೊರೆ ಎದ್ದಿದೆ. ಆದರೆ ತಳದ ಫೋಟೋ ಕಳಿಸಿದ್ದಾರೆ, ಬೋಲ್ಟುಗಳ ಬಣ್ಣ ಕೂಡ ಕಾಣುತ್ತದೆ. ಆಯಿಲ್ ಬದಲಾಯಿಸಿದ ಚೀಟಿಗಳ ಒಂದು ಕಟ್ಟು ಇದೆ. ಆರು ಗಂಟೆ ದಾರಿ. ಹೋಗಬಹುದಾ? ಕ್ಯಾಮ್ರಿ ಮಾರುವುದಿಲ್ಲ, ಅದನ್ನು ತೀರ್ಮಾನ ಮಾಡಿದೆ.

ಮಲೆನಾಡ_ಮಳೆ (ಗ್ರ್ಯಾಂಡ್ ರ‍್ಯಾಪಿಡ್ಸ್, ಮಿಶಿಗನ್)

ಸುಟ್ಟ ಬಣ್ಣ, ಗಟ್ಟಿ ತಳ ಅಂದರೆ ಕಣ್ಣು ಮುಚ್ಚಿಕೊಂಡು ಆರು ಗಂಟೆ ಡ್ರೈವ್ ಮಾಡಿ. ಬಾನೆಟ್ ಬಣ್ಣ ಯಾವಾಗ ಬೇಕಾದರೂ ಹೊಡೆಸಬಹುದು. ಆ ಊರಿನ ಮೆಕ್ಯಾನಿಕ್ ಒಬ್ಬರನ್ನು ಹೊರಡುವ ಮೊದಲೇ ಗೊತ್ತು ಮಾಡಿಕೊಂಡು, ಅವರಿಗೆ ತೋರಿಸಿ ಫೋನಿನಲ್ಲಿ ವಿಷಯ ತಿಳಿದುಕೊಂಡ ಮೇಲೆ ಹೊರಡಿ. ಒಂದು ದಿನ ಉಳಿಯುತ್ತದೆ.

ಹಳೇ_ಗೇರು (ರಾಲೀ, ನಾರ್ತ್ ಕ್ಯಾರೊಲಿನಾ)

2004 ಅಂದರೆ ಹೊಸ ಪಿಸ್ಟನ್. ಆದರೂ ಡಿಪ್‌ಸ್ಟಿಕ್ ನೋಡುವುದು ಬಿಡಬೇಡಿ. ಇಂಜಿನ್ ಪಕ್ಕದಲ್ಲಿ ಚೈನ್ ಟೆನ್ಷನರ್ ಇರುವ ಕಡೆ ಆಯಿಲ್ ಒಸರಿದ ಗುರುತು ಇರಬಹುದು, ಅದರ ಓ-ರಿಂಗ್ ವಯಸ್ಸಾದ ಮೇಲೆ ಗಟ್ಟಿಯಾಗುತ್ತದೆ. ಹೆದರಬೇಡಿ, ಓ-ರಿಂಗ್ ಬೆಲೆ ಕೆಲವೇ ಡಾಲರ್. ಟೆನ್ಷನರ್ ವಾಪಸ್ ಹಾಕುವಾಗ ಮಾತ್ರ ಅದರ ಕೊಕ್ಕೆ ಸರಿಯಾಗಿ ಸಿಕ್ಕಿಸಿ ಹಾಕಬೇಕು. ಟೈಟಲ್ (ಮಾಲೀಕತ್ವದ ಪತ್ರ) ಓನರ್ ಹೆಸರಿನಲ್ಲೇ ಇದೆಯಾ, ಅದರಲ್ಲಿ ಸಾಲ್ವೇಜ್ (ಹಿಂದೆ ಪೂರ್ತಿ ಜಖಂ ಆದ ಗಾಡಿ) ಅಂತ ಏನಾದರೂ ಇದೆಯಾ ಎರಡನ್ನೂ ನೋಡಿಯೇ ದುಡ್ಡು ಕೊಡಿ.

ಹೇಮಾವತಿ_ತೀರ (ಕೊಲಂಬಸ್, ಒಹಾಯೊ)

ಕಾರು ತಂದೆ! 4,000ಕ್ಕೆ ಕೊಟ್ಟರು. ಅಲ್ಲಿಯ ಮೆಕ್ಯಾನಿಕ್ ನೋಡಿ, ಮುಂದಿನ ಕಂಟ್ರೋಲ್ ಆರ್ಮ್ ಬುಶ್ ಬಿರುಕು ಬಿಟ್ಟಿದೆ, ವಾಲ್ವ್ ಕವರ್ ಹತ್ತಿರ ಸ್ವಲ್ಪ ಒಸರಿದೆ, ಬೇರೆ ಏನೂ ಇಲ್ಲ ಅಂದರು. ರೂಮ್‌ಮೇಟ್ ಕ್ಯಾಮ್ರಿಯಲ್ಲಿ ಹಿಂದೆ ಬಂದ, ನಾನು ಸೆಲಿಕಾದಲ್ಲಿ ಮುಂದೆ. ಕೆಂಟಕಿಯ ಗುಡ್ಡಗಳ ನಡುವೆ ಸಕಲೇಶಪುರದ ಘಾಟಿ ನೆನಪಾಯಿತು.

ಮೂರು ವಾರ ಆಯಿತು, 1,050 ಮೈಲು ಓಡಿಸಿದ್ದೇನೆ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಒಂದು ಕೂದಲೆಳೆಯಷ್ಟು ಇಳಿದಿದೆ, ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಮೊದಲು ಬಾನೆಟ್ ಬಣ್ಣ ನೋಡಿ ಸುಮ್ಮನಿದ್ದರು, ಆಮೇಲೆ "ಇಂಜಿನ್ ಸ್ಟಾರ್ಟ್ ಮಾಡು ಕೇಳೋಣ" ಅಂದರು.

ಈ ಗಾಡಿಯಲ್ಲೂ ಡಿಕ್ಕಿ ಬಾಗಿಲು ನಿಲ್ಲುವುದಿಲ್ಲ, ಸದ್ಯಕ್ಕೆ ಒಂದು ಕೋಲು ಆನಿಸಿದ್ದೇನೆ. ಗ್ಯಾಸ್ ಸ್ಟ್ರಟ್ ಎರಡನ್ನೂ ಒಟ್ಟಿಗೇ ಬದಲಾಯಿಸಬೇಕಾ, ಒಂದು ಸಾಕಾ?

ಕರಿಬೇವು (ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ)

ಎರಡೂ ಒಟ್ಟಿಗೇ ಹಾಕಿ. ಒಂದೇ ಹಾಕಿದರೆ ಬಾಗಿಲು ಸೊಟ್ಟ ಎಳೆಯುತ್ತದೆ. ಹಿಂದೆ ಸ್ಪಾಯ್ಲರ್ ಇದ್ದರೆ ತೂಕ ಜಾಸ್ತಿ, ಸ್ಪಾಯ್ಲರ್ ಇರುವ ಗಾಡಿಗೆ ಅಂತಲೇ ಕೇಳಿ ತೆಗೆದುಕೊಳ್ಳಿ. ಬದಲಾಯಿಸುವಾಗ ಬಾಗಿಲು ಹಿಡಿದುಕೊಳ್ಳಲು ರೂಮ್‌ಮೇಟ್ ಕರೆಯಿರಿ.